ಜಯಕ್ಕನ ಚಪ್ಪಲಿ ಕ್ಲಾಸು

"ಇದೆಲ್ಲ ಸ್ಪರ್ಧೆಗೆ, ಗ್ಯಾದರಿಂಗಿಗೆ ಸರಿ. ರಸ್ತೆಯಲ್ಲಿ ಕೆಲಸಕ್ಕೆ ಬರುತ್ತದಾ?" ಕೊರಿಯಾದ ಒದೆಯ ವಿದ್ಯೆ ಟೇಕ್ವಾಂಡೊ ಕಲಿತಿದ್ದೇನೆ ಎಂದ ಕೂಡಲೇ ಜನ ನನ್ನನ್ನು ಕೇಳುವ ಪ್ರಶ್ನೆ ಇದು. ಕೇಳುವವರು ಹೆಚ್ಚಾಗಿ ಗಂಡಸರು. ಹೊಟ್ಟೆ ಸವರಿಕೊಳ್ಳುತ್ತ ಕೇಳುತ್ತಾರೆ. ಮೊದಲೂ ಮೈ ಉರಿಯುತ್ತಿತ್ತು, ಈಗಲೂ ಉರಿಯುತ್ತದೆ. ಆದರೆ ಅದೇ ಪ್ರಶ್ನೆಯನ್ನು ಅವರೆಲ್ಲರಿಗಿಂತ ಗಟ್ಟಿಯಾಗಿ ತನಗೆ ತಾನೇ ಕೇಳಿಕೊಂಡವಳೊಬ್ಬಳು ನನಗೆ ಗೊತ್ತು. ಉತ್ತರಕ್ಕಾಗಿ ಅವಳು ಒಂದು ಮಂಡಿಯನ್ನೇ ತೆತ್ತಳು. ಹೆಸರು ಜಯಶ್ರೀ, ಅಂಕೋಲೆ ಕಡೆಯ ಅವರ್ಸಾದ ಒಕ್ಕಲು ಮನೆಯವಳು. ನಮಗೆಲ್ಲ ಜಯಕ್ಕ.

2003ರಲ್ಲಿ ನಾನು ಕಾರವಾರದ ಕಾಲೇಜಿಗೆ ಸೇರಿದೆ. ನನ್ನೂರು ರಾಮನಗುಳಿ, ದಿನಾ ಹೋಗಿಬರುವ ದಾರಿಯಲ್ಲ. ಹಾಗಾಗಿ ಬಿಣಗಾದಲ್ಲಿ ವಸುಮತಿ ಅತ್ತೆಯ ಮನೆಯಲ್ಲಿ ಉಳಿದೆ. ಮಾವ ಅಲ್ಲಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಸಂಜೆ ಸೈರನ್ ಕೂಗುತ್ತಿತ್ತು, ಸೈಕಲ್ಲುಗಳ ದಂಡು ಹೊರಬೀಳುತ್ತಿತ್ತು, ಅತ್ತೆ ಚಹಾಕ್ಕೆ ನೀರಿಡುತ್ತಿದ್ದಳು. ಅದೇ ಹೊತ್ತಿಗೆ ಕಾರವಾರದ ಬಸ್ಸಿನಿಂದ ಒಬ್ಬ ಎತ್ತರದ ಹುಡುಗಿ ಇಳಿದು, ಹೆಗಲ ಚೀಲದೊಂದಿಗೆ ಸಮುದ್ರದ ಕಡೆಗೆ ದಡಬಡ ನಡೆಯುವುದನ್ನು ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಒಂದು ದಿನ ಕುತೂಹಲ ತಡೆಯಲಾರದೆ ಹಿಂದೆಯೇ ಹೋದೆ.

ಮರಳಿನ ಮೇಲೆ ಹತ್ತಿಪ್ಪತ್ತು ಹುಡುಗಿಯರು ಸಾಲಾಗಿ ನಿಂತಿದ್ದರು. ಬಿಳಿ ಅಂಗಿ ತೊಟ್ಟ ಜಯಕ್ಕ ಎಡಗಾಲ ಮೇಲೆ ಗಿರ್ರನೆ ತಿರುಗಿ, ಬಲಗಾಲನ್ನು ಗಾಳಿಯಲ್ಲಿ ಬೀಸಿದಳು. ಆ ಪಾದ ಅವಳ ತಲೆಗಿಂತ ಮೇಲೆ ಹೋಗಿ ಬಂತು. ಮನುಷ್ಯರಿಗೆ ಹಾಗೆ ಮಾಡಲಾಗುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ನಾನು ಬಾಯಿ ಬಿಟ್ಟುಕೊಂಡು ನಿಂತಿರುವುದನ್ನು ಕಂಡು ಅವಳು ಕೇಳಿದಳು: "ಎಂತ ನೋಡ್ತೆ ಭಟ್ರ ಮಗಳೆ, ಕಲಿಯೂಕೆ ಬರ್ತ್ಯಾ?"

ಅತ್ತೆ ಒಪ್ಪಲು ವಾರಗಟ್ಟಲೆ ಹಿಡಿಯಿತು. "ಕೂಸೆ, ಒದ್ಯದು ಕಲಿಯಲೆ ಹೋಪದನೇ ನೀನು?" ಎಂದು ನಕ್ಕಳು, ಗದರಿದಳು, ಕೊನೆಗೆ ಮಾವನ ಹಳೆ ಬಿಳಿ ಪ್ಯಾಂಟನ್ನು ಹಿಡಿದು ಹೊಲಿದುಕೊಟ್ಟಳು.

ಜಯಕ್ಕ ಕಲಿತ ಬಗೆಯೂ ಸ್ವಾರಸ್ಯದ್ದು. ಅವಳಪ್ಪ ಅರ್ಗಾದ ನೌಕಾದಳದ ಕಾಲನಿಗೆ ಬಸಳೆ, ಹರಿವೆ ಮಾರುತ್ತಿದ್ದ. ಜೊತೆಗೆ ಹೋದ ಮಗಳು ಅಲ್ಲಿ ಮಣಿಪುರದ ಒಬ್ಬ ನೌಕಾದಳದವ ಮಕ್ಕಳಿಗೆ ಟೇಕ್ವಾಂಡೊ ಹೇಳಿಕೊಡುವುದನ್ನು ನೋಡಿ, ಬುಟ್ಟಿ ಕೆಳಗಿಟ್ಟು ತಾನೂ ಸಾಲಿನ ಕೊನೆಗೆ ನಿಂತಳು. ಕೆಂಪು ಬೆಲ್ಟಿನವರೆಗೆ ಬಂದಳು. ಅಷ್ಟರಲ್ಲಿ ಗುರುವಿಗೆ ವರ್ಗವಾಯಿತು. ಕಪ್ಪು ಬೆಲ್ಟಿಲ್ಲದವರು ತಮ್ಮ ಹೆಸರಿನಲ್ಲಿ ಕ್ಲಾಸು ನಡೆಸುವಂತಿಲ್ಲ, ಹಾಗಾಗಿ ಹುಬ್ಬಳ್ಳಿಯ ಟೇಕ್ವಾಂಡೊ ಮಾಸ್ತರರೊಬ್ಬರ ಹೆಸರಿನಲ್ಲಿ ಅವಳು ಬಿಣಗಾದಲ್ಲಿ ಕ್ಲಾಸು ಹಚ್ಚಿದಳು. ಕೆಂಪಾದ ಮೇಲೆ ಉಳಿಯುವುದು ಕಪ್ಪು ಬೆಲ್ಟು ಮಾತ್ರ. ಅದು ಬಂದರೆ ಕ್ಲಾಸು ಅವಳದೇ ಹೆಸರಿನಲ್ಲಿ ನಡೆಯುತ್ತದೆ. ಹಗಲಿಡೀ ಕಾರವಾರದ ಬಸ್‌ಸ್ಟ್ಯಾಂಡಿನ ಎಸ್.ಟಿ.ಡಿ. ಬೂತಿನಲ್ಲಿ ಕೂತು ಬೇರೆಯವರ ಮಾತು ಮುಗಿಯುವುದನ್ನು ಕಾಯುತ್ತಿದ್ದ ಅವಳಿಗೆ ತನ್ನದೆಂದು ಬೇಕಾಗಿದ್ದದ್ದು ಅದೊಂದೇ. ಮನೆಯಲ್ಲಿ ಮದುವೆಯ ಮಾತೆತ್ತಿದರೆ "ಕಪ್ಪು ಬೆಲ್ಟ್ ಆಗ್ಲಿ, ಆಮೇಲೆ ಹಗ್ಗ ಕಟ್ಟಿದ್ರೂ ಬರ್ತೆ" ಅನ್ನುತ್ತಿದ್ದಳಂತೆ.

ಎರಡು ವರ್ಷ ಹಾಗೆ ಕಳೆಯಿತು. ಒದ್ದೆ ಮರಳು, ಅಂಜುದಿವ್ ದ್ವೀಪದ ಹಿಂದೆ ಮುಳುಗುವ ಸೂರ್ಯ, ಕ್ಲಾಸು ಮುಗಿದ ಮೇಲೆ ಹೆದ್ದಾರಿಯ ಗೂಡಂಗಡಿಯಲ್ಲಿ ಬಿಸಿ ಮಿರ್ಚಿ. ಅಷ್ಟು ಸುಖವಾಗಿ ನಾನು ಮತ್ತೆಂದೂ ಹಸಿದಿಲ್ಲ. ಈಗ ಆ ಗೂಡಂಗಡಿಯೂ ಇಲ್ಲ, ಬೂತೂ ಇಲ್ಲ.

2005ರ ಏಪ್ರಿಲ್. ಜಯಕ್ಕನ ಕಪ್ಪು ಬೆಲ್ಟಿನ ಪರೀಕ್ಷೆಗೆ ಇನ್ನು ಕೆಲವೇ ದಿನವಿತ್ತು. ಹೊಸ ಬಿಳಿ ಅಂಗಿಗೆ ಬಟ್ಟೆ ತರಲು ನಾವಿಬ್ಬರೂ ಮಧ್ಯಾಹ್ನದ ಬಸ್ಸಿನಲ್ಲಿ ಅಂಕೋಲೆಗೆ ಹೋದೆವು. ಬಸ್ಸಿನಲ್ಲೇ ಒಬ್ಬ ನನಗೆ ಒರಗಿಕೊಂಡು ನಿಂತಿದ್ದ. ಸರಿದರೆ ಅವನೂ ಸರಿದ. ಅಂಕೋಲೆಯಲ್ಲಿ ಇಳಿದೆವು, ಅವನೂ ಇಳಿದ. ಬಸ್‌ಸ್ಟ್ಯಾಂಡಿನ ಎದುರು ರಸ್ತೆ ದಾಟುವಾಗ ಹಿಂದಿನಿಂದ ನನ್ನ ವೇಲನ್ನು ಎಳೆದ. ಕುತ್ತಿಗೆಗೆ ಸುತ್ತಿದ್ದ ವೇಲು ಬಿಗಿದು ನನಗೆ ಉಸಿರು ಸಿಕ್ಕಿಕೊಂಡಿತು.

ಜಯಕ್ಕ ತಿರುಗಿದಳು. ಮರಳಿನ ಮೇಲೆ ಸಾವಿರ ಸಲ ಮಾಡಿದ್ದ ಅದೇ ಒದೆ. ಕಾಲು ಎತ್ತಿದ್ದೂ ಸರಿಯಾಗಿತ್ತು, ಸಿಟ್ಟೂ ಸರಿಯಾಗಿತ್ತು. ಆದರೆ ಆ ರಸ್ತೆಗೆ ಹೊಸದಾಗಿ ಡಾಂಬರು ಹಾಕಿದ್ದರು, ಮಧ್ಯಾಹ್ನದ ಬಿಸಿಲಿಗೆ ಅದು ಮೆತ್ತಗಾಗಿತ್ತು. ಜಯಕ್ಕ ಊರಿದ ಎಡಗಾಲಿನಲ್ಲಿ ಹವಾಯಿ ಚಪ್ಪಲಿ ಇತ್ತು. ಒದ್ದೆ ಮರಳಿನಲ್ಲಿ ಬರಿಗಾಲು ಜಾರಿ ತಿರುಗುತ್ತದೆ. ಇಲ್ಲಿ ರಬ್ಬರು ಡಾಂಬರಿಗೆ ಅಂಟಿಕೊಂಡು ಪಾದ ತಿರುಗಲೇ ಇಲ್ಲ, ಮೇಲಿನ ಮೈ ಮಾತ್ರ ತಿರುಗಿತು. ಎರಡರ ನಡುವೆ ಇದ್ದದ್ದು ಮಂಡಿ. ಟಪ್ ಎಂದದ್ದು ನನಗೂ ಕೇಳಿಸಿತು. ಜಯಕ್ಕ ರಸ್ತೆಯ ಮೇಲೆ ಬಿದ್ದಳು.

ಅವನು ನಕ್ಕ. ಆ ನಗುವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಬಿದ್ದಲ್ಲಿಂದಲೇ ಜಯಕ್ಕ ಅವನ ಪ್ಯಾಂಟು ಹಿಡಿದು ಕೂಗಿದಳು. ಟೇಕ್ವಾಂಡೊದಲ್ಲಿ ಹೊಡೆಯುವಾಗ ಹೊಟ್ಟೆಯಾಳದಿಂದ ಹಾಕುವ ಒಂದು ಕೂಗಿದೆ, ಕಿಹಾಪ್ ಅನ್ನುತ್ತಾರೆ. ಆ ಕೂಗಿಗೆ ರಿಕ್ಷಾದವರು ಇಳಿದರು, ಮೀನು ಬುಟ್ಟಿಯ ಹೆಂಗಸರು ನಿಂತು ತಿರುಗಿದರು. ಅವನು ಕಾಲು ಬಿಡಿಸಿಕೊಂಡು ಓಡಿದ.

ಡಾಕ್ಟರು ಮಂಡಿಯೊಳಗಿನ ನಾರು ಹರಿದಿದೆ ಎಂದರು. ನಡೆಯಬಹುದು, ತಿರುಗಿ ಒದೆಯುವ ಆಸೆ ಬಿಡಬೇಕು. ಕಪ್ಪು ಬೆಲ್ಟಿನ ಪರೀಕ್ಷೆಯಲ್ಲಿ ಅದಿಲ್ಲದೆ ಆಗುವುದಿಲ್ಲ. ಜಯಕ್ಕ ಅಳಲಿಲ್ಲ, ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅಳುತ್ತಿದ್ದವಳು ನಾನು. ಆಮೇಲೆ ಅವಳು ನನ್ನತ್ತ ತಿರುಗಿ ಕೇಳಿದಳು: "ಅವನ್ನ ಓಡಿಸಿದ್ದು ಯಾವ್ದು ಹೇಳು ಕಾಣ್ವ. ಕಾಲೋ, ಕೂಗೋ?"

"ಕೂಗು" ಎಂದೆ.

"ಹಂಗಾರೆ ನಾ ಇಷ್ಟ್ ವರ್ಷ ನಿಮ್ಗೆ ಎಂತ ಕಲಿಸ್ದೆ?" ಎಂದು ಮತ್ತೆ ಗೋಡೆಯ ಕಡೆ ತಿರುಗಿದಳು.

ಕಾರವಾರದಿಂದ ಅಂಕೋಲೆಯವರೆಗೆ ಸುದ್ದಿ ಹಬ್ಬಿತು. "ಕೊರಿಯಾದ ಒದೆ ಅಂಕೋಲೆ ಡಾಂಬರಿಗೆ ಸಾಕಾಗ್ಲಿಲ್ಲ" ಎಂದು ಬಸ್ಸಿನಲ್ಲಿ ಯಾರೋ ಹೇಳಿ ನಗುವುದನ್ನು ನಾನೇ ಕೇಳಿದೆ. ಮಳೆಗಾಲ ಕಳೆದು ಜಯಕ್ಕ ಕೋಲು ಊರಿಕೊಂಡು ಬಿಣಗಾಕ್ಕೆ ಬಂದಾಗ ಕ್ಲಾಸಿನಲ್ಲಿ ಉಳಿದಿದ್ದವರು ನಾಲ್ಕೇ ಮಂದಿ. ನಾವು ಅಭ್ಯಾಸದಂತೆ ಚಪ್ಪಲಿ ಬಿಚ್ಚಿ ಮರಳಿಗೆ ಇಳಿಯಹೊರಟೆವು. "ತೆಗೀಬೇಡಿ" ಎಂದಳು ಜಯಕ್ಕ. "ಚಪ್ಪಲಿ ಹಾಕ್ಕಂಡೇ ಬನ್ನಿ. ಮರಳಿಗಲ್ಲ, ಇತ್ಲಾಗೆ, ರಸ್ತೆ ಬದಿಗೆ."

ಅಲ್ಲಿಂದ ಶುರುವಾದದ್ದೇ ಚಪ್ಪಲಿ ಕ್ಲಾಸು. ಹಾಗೆ ಹೆಸರಿಟ್ಟದ್ದು ಕಾರ್ಖಾನೆಯ ಕ್ವಾರ್ಟರ್ಸಿನ ಹೆಂಗಸರು, ತಮಾಷೆಗೆ. ಬಿಳಿ ಅಂಗಿ ಬೇಡ. ಕಾಲೇಜಿಗೆ ಹೋಗುವ ಬಟ್ಟೆಯಲ್ಲೇ ಬರಬೇಕು. ವೇಲು, ಹೆಗಲಿಗೆ ಪುಸ್ತಕದ ಚೀಲ, ಕೈಯಲ್ಲಿ ಕೊಡೆ, ಎಲ್ಲವೂ ಇರಬೇಕು. ತಾನು ಕಲಿತದ್ದನ್ನೆಲ್ಲ ಜಯಕ್ಕ ಅಕ್ಕಿ ಆರಿಸಿದ ಹಾಗೆ ಆರಿಸಿದಳು. ಎರಡೂ ಕಾಲು ನೆಲದ ಮೇಲಿರುವಾಗ ಮಾಡಲಾಗುವುದನ್ನು ಇಟ್ಟುಕೊಂಡಳು: ಮೊಣಕೈ, ಅಂಗೈ, ಮಣಿಕಟ್ಟು ಬಿಡಿಸಿಕೊಳ್ಳುವ ಪಟ್ಟು, ಹಿಮ್ಮಡಿಯಿಂದ ಪಾದ ತುಳಿಯುವುದು. ಒದೆಯಲ್ಲಿ ಉಳಿದದ್ದು ಒಂದೇ, ನೇರ ಮುಂದಕ್ಕೆ, ಮೊಣಕಾಲಿಗಿಂತ ಕೆಳಗೆ. ಮತ್ತೆ ಕೂಗು. ಮೊದಲ ತಿಂಗಳಿಡೀ ಬರೀ ಕೂಗಿಸಿದಳು. ಒಳ್ಳೆಯ ಮನೆಯ ಹುಡುಗಿಯರಿಗೆ ಒದೆಯುವುದಕ್ಕಿಂತ ಕೂಗುವುದು ಕಷ್ಟ ಎಂದು ನನಗೆ ಆಗ ತಿಳಿಯಿತು.

ಎರಡು ಬೆಂಚುಗಳನ್ನು ಎದುರುಬದುರು ಇಟ್ಟು ನಡುವೆ ಬಸ್ಸಿನ ಇಕ್ಕಟ್ಟು ಮಾಡುತ್ತಿದ್ದೆವು. ಪೋಲಿಯ ಪಾತ್ರ ಜಯಕ್ಕನದೇ. ಎಲೆಯಡಿಕೆ ಜಗಿಯುತ್ತ, ಕಾಲರ್ ಎತ್ತಿಕೊಂಡು, ಹಲ್ಲು ಕಿರಿಯುತ್ತ ಅವಳು ಮೈಮೇಲೆ ಬೀಳುವ ಚಂದಕ್ಕೆ ನಮಗೆ ನಗು ತಡೆಯಲಾಗುತ್ತಿರಲಿಲ್ಲ. ನಕ್ಕರೆ ತಲೆಗೆ ಮೊಟಕುತ್ತಿದ್ದಳು. "ಇಬ್ರು ಇದ್ರೆ ಓಡಿ. ಚಾಕು ಕಂಡ್ರೆ ಚೀಲ ಕೊಟ್ಟು ಓಡಿ. ಓಡೂದೂ ಕಲಿಯೂ ವಿಷ್ಯವೇ" ಎಂದು ಚಪ್ಪಲಿಯಲ್ಲೇ ಓಡಿಸುತ್ತಿದ್ದಳು.

ಮುಂದಿನ ವರ್ಷ ಒಂದು ಸಂಜೆ ಕಾರವಾರದಿಂದ ಬರುವ ಬಸ್ಸಿನಲ್ಲಿ ಒಂದು ಕೈ ನನ್ನ ಸೊಂಟಕ್ಕೆ ಬಂತು. ಯೋಚಿಸಲಿಲ್ಲ. ಹಿಮ್ಮಡಿಯಿಂದ ಅವನ ಪಾದ ತುಳಿದೆ, ಮೊಣಕೈಯನ್ನು ಪಕ್ಕೆಗೆ ಕೊಟ್ಟೆ, ಕೂಗಿದೆ. ಇಡೀ ಬಸ್ಸು ತಿರುಗಿತು. ಕಂಡಕ್ಟರ್ ಸೀಟಿ ಊದಿ ಅವನನ್ನು ಅಲ್ಲೇ ಘಟ್ಟದ ತಿರುವಿನಲ್ಲಿ ಇಳಿಸಿದ. ಬಿಣಗಾದಲ್ಲಿ ಇಳಿದು ಓಡೋಡಿ ಜಯಕ್ಕನಿಗೆ ಹೇಳಿದೆ. ಅವಳು ಮೊದಲು ನನ್ನ ಕಾಲು ನೋಡಿ "ಚಪ್ಪಲಿ ಹರಿಲಿಲ್ಲ ಅಲಾ?" ಎಂದಳು. ಆಮೇಲೆ ನನ್ನನ್ನು ಬಿಗಿಯಾಗಿ ಅಪ್ಪಿಕೊಂಡಳು. ಆಸ್ಪತ್ರೆಯಲ್ಲಿ ಅಳದವಳು ಅವತ್ತು ಅತ್ತಳು.

ಸುದ್ದಿ ಈ ಸಲವೂ ಹಬ್ಬಿತು. ಮಳೆ ಬರುವ ಮೊದಲು ಕ್ಲಾಸಿನಲ್ಲಿ ಮೂವತ್ತು ಹುಡುಗಿಯರಾದರು. ಆಗ ಹುಬ್ಬಳ್ಳಿಯ ಮಾಸ್ತರರು ಬೆಲ್ಟಿನ ಪರೀಕ್ಷೆಗೆಂದು ಬಂದರು. ಬೆಂಚಿನ ಬಸ್ಸು, ಕೊಡೆ, ಚಪ್ಪಲಿ ಎಲ್ಲವನ್ನೂ ಕೈಕಟ್ಟಿ ನೋಡಿದರು. ಒಳ್ಳೆಯ ಮನುಷ್ಯ, ಮುಚ್ಚುಮರೆ ಇರಲಿಲ್ಲ. "ಜಯಶ್ರೀ, ಇದು ಛಲೋ ಅದ. ನನ್ನ ಮಗಳಿಗೂ ಕಲಸ್ತೀನಿ. ಆದ್ರ ಇದಕ್ಕ ಬೆಲ್ಟ್ ಕೊಡಾಕ ನಂಗ ಬರೂದಿಲ್ಲ. ಎತ್ತರದ ಒದೆ ಇಲ್ಲ, ತೋರ್ಸೋರೂ ಇಲ್ಲ. ಕಪ್ಪು ಬೆಲ್ಟಿನವ್ರು ಒಬ್ರು ಆಗ್ದಿದ್ರ ಈ ಕ್ಲಾಸ್ ನನ್ನ ಹೆಸರಿನ್ಯಾಗ ಎಷ್ಟ್ ದಿನ ಇಡ್ಲಿ?" ಎಂದರು.

ನನಗೆ ಅವರ ಮೇಲೆ ಕೆಂಡದಂಥ ಸಿಟ್ಟು ಬಂತು. ಜಯಕ್ಕ ಮಾತ್ರ ನೆಟ್ಟಗೆ ನನ್ನತ್ತ ಬೆರಳು ತೋರಿಸಿ "ಇವ್ಳು ಆಗ್ತಾಳೆ ಸರ್" ಎಂದಳು. ನಾನು ಆಗುವುದಿಲ್ಲ ಎಂದೆ. ಕಪ್ಪು ಬೆಲ್ಟು ಯಾರದಾಗಬೇಕಿತ್ತೆಂದು ನನಗೆ ಗೊತ್ತಿತ್ತು. ಅದು ಹೋದದ್ದು ನನ್ನ ವೇಲಿಗಾಗಿ ಎಂಬುದೂ ಗೊತ್ತಿತ್ತು. ಜಯಕ್ಕ ಹೇಳಿದಳು: "ಎತ್ತರದ್ದನ್ನ ಅವ್ರ ಹತ್ರ ಕಲಿ. ತಗ್ಗಿಂದು ನನ್ನ ಹತ್ರ ಅದೆ. ನೀ ಹೋಗ್ದಿದ್ರೆ ಈ ಹುಡುಗ್ಯರು ನಾಳೆ ಎಲ್ಲಿಗೆ ಹೋಗೂದು?"

ಹೋದೆ. ಶನಿವಾರ ಸಂಜೆ ಹುಬ್ಬಳ್ಳಿ ಬಸ್ಸು, ಭಾನುವಾರ ಸಂಜೆ ವಾಪಸ್ಸು. ದಾರಿಯಲ್ಲಿ ರಾಮನಗುಳಿ ಬರುತ್ತಿತ್ತು, ಇಳಿಯಲು ಪುರುಸೊತ್ತಿರಲಿಲ್ಲ. ಆಯಿ, ನನ್ನಮ್ಮ, ಬಸ್ಸಿನ ಕಿಟಕಿಗೇ ತಂಬಳಿಯ ಬಾಟಲಿ ಕೊಟ್ಟು ಕಳಿಸುತ್ತಿದ್ದಳು. 2008ರಲ್ಲಿ ನನಗೆ ಕಪ್ಪು ಬೆಲ್ಟು ಸಿಕ್ಕಿತು. ಜಯಕ್ಕನ ಬೂತಿಗೆ ಫೋನು ಮಾಡಿ ಹೇಳಿದೆ. "ಸೋಮವಾರ ಕ್ಲಾಸಿಗೆ ಬೇಗ ಬಾ" ಎಂದು ಫೋನು ಇಟ್ಟಳು.

ಸೋಮವಾರ ಬೆಲ್ಟನ್ನು ಚೀಲದ ತಳದಲ್ಲಿಟ್ಟು ಹೋದೆ. ಜಯಕ್ಕ ತಾನೇ ಚೀಲಕ್ಕೆ ಕೈಹಾಕಿ ತೆಗೆದಳು. ಅದರ ಮೇಲೆ ಒಮ್ಮೆ ಬೆರಳಾಡಿಸಿದಳು. ನನ್ನ ಸೊಂಟಕ್ಕೆ ಸುತ್ತಿ, ಗಂಟು ಎಳೆದು ಬಿಗಿದು, ನನ್ನನ್ನು ಎದುರಿಗೆ ನಿಲ್ಲಿಸಿದಳು. ಆಮೇಲೆ ಕುಂಟುತ್ತ ನಡೆದು ಹೋಗಿ ಹುಡುಗಿಯರ ಸಾಲಿನಲ್ಲಿ, ಬಲತುದಿಗೆ, ನನಗೆ ಮುಖ ಮಾಡಿ ನಿಂತಳು. ಟೇಕ್ವಾಂಡೊದಲ್ಲಿ ಸಾಲು ವಯಸ್ಸಿನಿಂದಲ್ಲ, ಬೆಲ್ಟಿನಿಂದ. ಕಪ್ಪು ಎದುರಿಗೆ, ಕೆಂಪು ಶಿಷ್ಯರ ಸಾಲಿಗೆ.

"ಜಯಕ್ಕ, ಅಲ್ಲಿ ನಿಲ್ಲಬೇಡ. ನನ್ನ ಕೈಲಿ ಆಗೂದಿಲ್ಲ" ಎಂದೆ.

"ನಂಗೆ ಆಗ್ತದೆ ಅಂದ್ಕಂಡ್ಯ?" ಎಂದಳು. "ಆದ್ರೂ ನಿಂತೆ ಅಲ್ವ. ಸುಮ್ಗೆ ನಿಲ್ಲು."

ಸಾಲಿನ ಹಿರಿಯ ಶಿಷ್ಯೆ ನಮಸ್ಕಾರದ ಆಜ್ಞೆ ಕೂಗಬೇಕು. ಅವಳೇ ಕೂಗಿದಳು. "ಚರ್ಯೊತ್" ಎಂದಾಗ ಎಲ್ಲರೂ ನೆಟ್ಟಗಾದರು, "ಕ್ಯೊಂಗ್ನೆ" ಎಂದಾಗ ಸಾಲೆಲ್ಲ ಬಗ್ಗಿತು. ಅವಳೂ ನನ್ನ ಮುಂದೆ ಬಗ್ಗಿದಳು. ನಾನು ಅವಳಿಗಿಂತ ಕೆಳಗೆ ಬಗ್ಗಿದೆ. ಬಗ್ಗಿದವಳಿಗೆ ಏಳಲಾಗಲಿಲ್ಲ, ಕಣ್ಣೀರು ಮೂಗಿನ ತುದಿಯಿಂದ ಮಣ್ಣಿಗೆ ಬೀಳುತ್ತಿತ್ತು. ಎಷ್ಟು ಹೊತ್ತು ಹಾಗಿದ್ದೆನೋ. ಎದುರಿನ ಸಾಲಿನಿಂದ ಜಯಕ್ಕನ ಸಣ್ಣ ದನಿ ಕೇಳಿಸಿತು.

"ಏಳೆ ಮಾರಾಯ್ತಿ. ನೀ ಏಳದೆ ನಾ ಏಳೂ ಹಾಗಿಲ್ಲ."