ಗಡಿಯಿಲ್ಲದ ರಾಜ್ಯಕ್ಕೆ ನಾನು ಬಳಿದ ಹಸಿರು

ಕಳೆದ ನವೆಂಬರಿನ ಆ ಶನಿವಾರವೂ ಎಂದಿನಂತೆ ನಸುಕಿನಲ್ಲೇ ಎದ್ದೆ. ಕುವೈತಿನ ಮಂಗಫ್‌ನಲ್ಲಿ ಕಂಪನಿ ಬಸ್ಸು ಯಾರಿಗಾಗಿಯೂ ಕಾಯುವುದಿಲ್ಲ. ರಿಫೈನರಿಯಲ್ಲಿ ಕೆಲಸ ಮಾಡುವ ನನ್ನ ಯಜಮಾನರ ಡಬ್ಬಿಗೆ ಚಪಾತಿ, ಬೀನ್ಸ್ ಪಲ್ಯ ತುಂಬಿಸಿ ಕಳಿಸಿದೆ. ಬಾಲ್ಕನಿಯ ಕಂಬಿಯ ಮೇಲೆ ಕೂತ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಆಮೇಲೆ ಊಟದ ಮೇಜಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಪೆನ್ಸಿಲ್ ಸಿಪ್ಪೆಗಳನ್ನು ಹೇರ್‌ಪಿನ್ನಿನಿಂದ ತೆಗೆದೆ. ಆ ಮೇಜೇ ನನ್ನ ಆಫೀಸು. ಹನ್ನೊಂದು ವರ್ಷಗಳಿಂದ ಅದರ ಸುತ್ತ ನಮ್ಮ ಕಟ್ಟಡದ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಮಕ್ಕಳಿಗೆಲ್ಲ ನಾನು ಐರಿನ್ ಆಂಟಿ.

ಸೋಫಾದ ಮೇಲೆ ಪ್ಲಾಸ್ಟಿಕ್ ಹೊದ್ದು ಮಲಗಿತ್ತು, ಅನ್ವಿತಾಳ ಚಾರ್ಟು. ಎಂಟನೆಯ ತರಗತಿಯ ಅನ್ವಿತಾ ಮೂರನೆಯ ಮಹಡಿಯ ಸುಜಾತಾಳ ಮಗಳು. ಸುಜಾತಾ ಆಸ್ಪತ್ರೆಯಲ್ಲಿ ನರ್ಸ್. ತರಗತಿಯಲ್ಲಿ ಯಾವುದಕ್ಕೂ ಕೈ ಎತ್ತದ ಹುಡುಗಿ ಈ ಸಲ ಶಾಲೆಯ ಇತಿಹಾಸ ಪ್ರದರ್ಶನಕ್ಕೆ ತಾನಾಗಿಯೇ ಹೆಸರು ಕೊಟ್ಟಿದ್ದಳು. ಮೊದಲ ಮೂರು ಸ್ಥಾನ ಪಡೆದವರು ಅಂತರಶಾಲಾ ಸ್ಪರ್ಧೆಗೆ ಹೋಗುತ್ತಾರೆ. ಅವಳಿಗೆ ಹೋಗಲೇಬೇಕಿತ್ತು.

ಅವಳು ಆರಿಸಿಕೊಂಡದ್ದು ಶ್ರೀವಿಜಯ. ಸುಮಾತ್ರಾ ದ್ವೀಪದ ಪಾಲೆಂಬಾಂಗನ್ನು ನೆಲೆಯಾಗಿಸಿಕೊಂಡು ಶತಮಾನಗಳ ಕಾಲ ಕಡಲ ವ್ಯಾಪಾರವನ್ನು ಆಳಿದ ರಾಜ್ಯ ಅದು. ಚೀನಾಕ್ಕೂ ನಮ್ಮ ದೇಶಕ್ಕೂ ನಡುವೆ ಓಡಾಡುವ ಹಡಗುಗಳು ಮಲಕ್ಕಾ ಜಲಸಂಧಿ, ಅಂದರೆ ಎರಡು ನೆಲಗಳ ನಡುವಿನ ಇಕ್ಕಟ್ಟಾದ ಕಡಲ ದಾರಿಯನ್ನು ದಾಟಬೇಕಿತ್ತು. ಗಾಳಿ ತಿರುಗುವ ತನಕ ಅಲ್ಲಿಯ ಬಂದರುಗಳಲ್ಲಿ ತಿಂಗಳುಗಟ್ಟಲೆ ಕಾಯಬೇಕಿತ್ತು. ಕಾಯುವವರಿಗೆ ನೀರು, ಅಕ್ಕಿ, ಗೋದಾಮು, ರಾಜನಿಗೆ ಸುಂಕ. ದೋಣಿಗಳಲ್ಲೇ ಬದುಕುವ ಕಡಲ ಜನರನ್ನು ಒಲಿಸಿಕೊಂಡು ರಾಜ ಅವರಿಂದ ಆ ದಾರಿಯ ಕಾವಲು ಮಾಡಿಸುತ್ತಿದ್ದ.

ಅನ್ವಿತಾ ಕಡಲಿಗೆ ನೀಲಿ ಬಳಿದು ದ್ವೀಪಗಳನ್ನು ಬಿಳಿಯಾಗಿಯೇ ಬಿಟ್ಟಿದ್ದಳು. ಬಂದರುಗಳಿಗೆ ಕೆಂಪು ಚುಕ್ಕೆ, ಒಂದರಿಂದ ಇನ್ನೊಂದಕ್ಕೆ ಹೊಲಿಗೆಯ ದಾರ. ಅಷ್ಟೇ.

"ಗಡಿ ಎಲ್ಲಿ ಪುಟ್ಟ?" ಎಂದು ಒಂದು ವಾರ ಮೊದಲು ಕೇಳಿದ್ದೆ.

"ಗಡಿ ಇಲ್ಲ ಆಂಟಿ. ಕಿಂಗ್‌ಗೆ ಒಳಗಿನ ಕಾಡು ಯಾಕೆ? ಅವನ ಕಿಂಗ್‌ಡಂ ಅಂದ್ರೆ ಈ ದಾರಿಗಳೇ. ಮೊದ್ಲು ಕುವೈತ್‌ನ ದೋಣಿಗಳು ನಮ್ಮ ಮಂಗಳೂರಿಗೆ ಮರ ತಗೊಳ್ಳಲಿಕ್ಕೆ ಬರ್ತಿದ್ವಲ್ಲ, ಹಾಗೆ. ಸೀ ಮುಖ್ಯ, ಲ್ಯಾಂಡ್ ಅಲ್ಲ."

"ಖಾಲಿ ಬಿಟ್ರೆ ಮುಗಿಸಲಿಲ್ಲ ಅಂದ್ಕೊಳ್ತಾರೆ," ಎಂದೆ. ಅವಳು ಸುಮ್ಮನಾದಳು. ಆ ಮೌನವನ್ನು ನಾನು ಒಪ್ಪಿಗೆ ಎಂದು ತಿಳಿದೆ.

ಇಲ್ಲಿ ನಮ್ಮವರಲ್ಲಿ ಒಂದು ಪದ್ಧತಿ ಇದೆ. ಪ್ರಾಜೆಕ್ಟನ್ನು ಮಗು ಶುರು ಮಾಡುತ್ತದೆ. ತಾಯಿಯೋ ಟ್ಯೂಷನ್ ಆಂಟಿಯೋ ಅದಕ್ಕೆ 'ಫಿನಿಷಿಂಗ್' ಕೊಡುತ್ತಾರೆ. ವಿದ್ಯಾರ್ಥಿಯೇ ಮಾಡಿರಬೇಕೆಂಬ ನಿಯಮ ಎಲ್ಲ ಸುತ್ತೋಲೆಗಳಲ್ಲೂ ಇರುತ್ತದೆ, ಯಾರೂ ಅದನ್ನು ಓದಿದಂತೆ ಕಾಣುವುದಿಲ್ಲ. ನಾನೋ ಕಾನ್ವೆಂಟಿನಲ್ಲಿ ಬೆಳೆದವಳು. ಭೂಪಟದಲ್ಲಿ ಬಿಳಿ ಉಳಿದರೆ ಸಿಸ್ಟರ್ ಸ್ಕೇಲು ಎತ್ತುತ್ತಿದ್ದರು. ಶುಕ್ರವಾರ ಮಧ್ಯಾಹ್ನ ಅನ್ವಿತಾ ಇಲ್ಲದಾಗ ಕುಳಿತು ಸುಮಾತ್ರಾಕ್ಕೂ ಮಲಯ ಪರ್ಯಾಯ ದ್ವೀಪಕ್ಕೂ ಹಸಿರು ಬಳಿದೆ. ಸುತ್ತ ಕಪ್ಪು ಗಡಿ ಎಳೆದೆ. ಒಂದು ಹನಿಯೂ ಗೆರೆ ದಾಟಲಿಲ್ಲ.

ಶನಿವಾರ ಚಾರ್ಟು ಒಯ್ಯಲು ಬಂದವಳು ಪ್ಲಾಸ್ಟಿಕ್ ಸರಿಸಿ ನೋಡಿದಳು. ಹಸಿರಿನ ಮೇಲೆ ಒಮ್ಮೆ ಬೆರಳಾಡಿಸಿ, "ನೈಸ್ ಆಂಟಿ" ಎಂದಳು. ಸುಜಾತಾ ಡ್ಯೂಟಿಯಲ್ಲಿದ್ದುದರಿಂದ ಟ್ಯಾಕ್ಸಿಯಲ್ಲಿ ನಾನೇ ಕರೆದೊಯ್ದೆ.

ತೀರ್ಪುಗಾರರು ಬೇರೆ ಶಾಲೆಯ ನಿವೃತ್ತ ಇತಿಹಾಸ ಅಧ್ಯಾಪಕಿ. ಬಿಳಿ ಕೂದಲು, ಕುತ್ತಿಗೆಗೆ ನೇತುಹಾಕಿದ ಕನ್ನಡಕ. ಚಾರ್ಟನ್ನು ಬಹಳ ಹೊತ್ತು ನೋಡಿ, ನಾನು ಹಸಿರು ಬಳಿದ ಒಳನಾಡಿನ ಮೇಲೆ ಪೆನ್ನಿಟ್ಟು ಇಂಗ್ಲಿಷಿನಲ್ಲಿ ಕೇಳಿದರು: "ಈ ಕಾಡನ್ನು ಯಾರು ಆಳುತ್ತಿದ್ದರಮ್ಮ? ರಾಜನಾ?"

ನಾನು ಹಿಂದಿನ ಸಾಲಿನಲ್ಲೇ ಇದ್ದೆ. ಅನ್ವಿತಾ ನನ್ನತ್ತ ತಿರುಗಲಿಲ್ಲ.

"ಅದು ನನ್ನ ತಪ್ಪು ಮ್ಯಾಮ್. ಅಲ್ಲಿ ಬಿಳಿ ಇರಬೇಕಿತ್ತು," ಎಂದಳು. ನಂತರ ದಾರ, ಚುಕ್ಕೆ, ಗಾಳಿ, ಕಡಲ ಜನ, ಎಲ್ಲವನ್ನೂ ಒಂದೊಂದಾಗಿ ಬಿಡಿಸಿ ಹೇಳಿದಳು. ಅಷ್ಟು ಹೊತ್ತು ಅವಳು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ತೀರ್ಪುಗಾರರು ಅವಳ ಕೈ ಕುಲುಕಿ ಮುಂದೆ ಹೋದರು.

ನಾನು ಅಲ್ಲಿಗೆ ಬಿಡಬೇಕಿತ್ತು. ಆದರೆ ನನ್ನ ತಪ್ಪನ್ನು ಒಂದು ಮಗು ಹೊತ್ತುಕೊಂಡಿದೆ ಎಂಬುದು ಎದೆಯಲ್ಲಿ ಮೀನಿನ ಮುಳ್ಳಿನಂತೆ ಚುಚ್ಚತೊಡಗಿತು. ಚಹಾದ ವಿರಾಮದಲ್ಲಿ ಪ್ರದರ್ಶನ ನೋಡಿಕೊಳ್ಳುತ್ತಿದ್ದ ಟೀಚರ ಬಳಿ ಹೋಗಿ, "ಆ ಹಸಿರು ಅವಳದ್ದಲ್ಲ, ನಾನು ಹಚ್ಚಿದ್ದು. ಅವಳ ನಕ್ಷೆ ಸರಿಯಾಗಿಯೇ ಇತ್ತು," ಎಂದೆ. ಹೇಳಿದ ಕೂಡಲೇ ಹಗುರಾಯಿತು.

ಅವರು ಕಪ್ಪನ್ನು ಕೆಳಗಿಟ್ಟರು. "ಅವಳಿಗೆ ಮೂರನೇ ಪ್ಲೇಸ್ ಬಂದಿತ್ತು ಮ್ಯಾಮ್. ಎಲ್ಲರೂ ಮಾಡಿಸ್ತಾರೆ, ನಮಗೂ ಗೊತ್ತುಂಟು. ಆದರೆ ನೀವು ಬಾಯಿಬಿಟ್ಟು ಹೇಳಿದ ಮೇಲೆ ನಾನು ಕೇಳಿಸಲಿಲ್ಲ ಅನ್ನೋದು ಹೇಗೆ?"

ಬೇಡಿಕೊಂಡೆ. ಪ್ರಯೋಜನವಾಗಲಿಲ್ಲ. ಮೂರನೆಯ ಸ್ಥಾನಕ್ಕೆ ಬೇರೆ ಹೆಸರು ಕೂಗಿದರು.

ಟ್ಯಾಕ್ಸಿಯಲ್ಲಿ ಅನ್ವಿತಾ ಚಾರ್ಟನ್ನು ಮಡಿಲಲ್ಲಿ ನಿಲ್ಲಿಸಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಫಹಾಹೀಲ್ ದಾಟಿದ ಮೇಲೆ ಬಾಯಿಬಿಟ್ಟಳು.

"ನಾನು ಮ್ಯಾನೇಜ್ ಮಾಡಿದ್ದೆ ಆಂಟಿ. ನೀವ್ಯಾಕೆ ಹೇಳಿದ್ದು?"

"ಸತ್ಯ ಹೇಳ್ಬೇಕಲ್ಲ ಪುಟ್ಟ."

"ನನ್ನ ಹತ್ರ ಕೇಳಿ ಹೇಳ್ಬಹುದಿತ್ತು." ಚಾರ್ಟಿನ ಅಂಚನ್ನು ನೇವರಿಸಿ, "ಕಲರ್ ಮಾಡುವಾಗ್ಲೂ ಕೇಳ್ಲಿಲ್ಲ," ಎಂದಳು. ಕೋಪವಿರಲಿಲ್ಲ ದನಿಯಲ್ಲಿ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಸುಜಾತಾಳಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. "ಇರಲಿ ಬಿಡಿ ಐರಿನಕ್ಕ, ನೀವು ಒಳ್ಳೇದಕ್ಕೇ ಮಾಡಿದ್ದಲ್ವಾ?" ಎಂದಳು. ಹಿಂದೆ ಯಾರೋ ರೋಗಿ ಕೆಮ್ಮುತ್ತಿದ್ದರು. ಅವಳು ಬೈದಿದ್ದರೆ ಎಂದು ಈಗಲೂ ಅನಿಸುತ್ತದೆ.

ಪಾಪನಿವೇದನೆ ಮಾಡಿದರೆ ಮನಸ್ಸು ಹಗುರಾಗುತ್ತದೆಂದು ಚಿಕ್ಕಂದಿನಿಂದ ಕಲಿತವಳು ನಾನು. ಆ ದಿನ ಹಗುರಾದದ್ದು ನನ್ನ ಮನಸ್ಸು, ಕಳೆದುಕೊಂಡದ್ದು ಅವಳು. ಬಣ್ಣ ಬಳಿದದ್ದೂ ನನ್ನ ಸಮಾಧಾನಕ್ಕೆ, ಒಪ್ಪಿಕೊಂಡದ್ದೂ ನನ್ನ ಸಮಾಧಾನಕ್ಕೆ. ಮಗುವಿನ ಹಾಳೆಯನ್ನಾಗಲಿ, ಅದು ಆಡಿದ ಮಾತನ್ನಾಗಲಿ ಕೇಳದೆ ತಿದ್ದಬಾರದು. ಹನ್ನೊಂದು ವರ್ಷ ಕಲಿಸಿದ ಮೇಲೆ ನಾನು ಕಲಿತದ್ದು ಇಷ್ಟು. ಅನ್ವಿತಾ ಈಗಲೂ ಟ್ಯೂಷನ್‌ಗೆ ಬರುತ್ತಾಳೆ. ಬರೆಯುವಾಗ ಎಡಗೈಯನ್ನು ಹಾಳೆಗೆ ಅಡ್ಡ ಇಟ್ಟುಕೊಳ್ಳುತ್ತಾಳೆ.

ಆ ಶನಿವಾರ ಸಂಜೆ ಕಸದ ಚೀಲ ಹಿಡಿದು ಹೊರಗೆ ಬಂದಾಗ ಎದುರು ಫ್ಲ್ಯಾಟಿನ ಜುಬೇದಾ ಲಿಫ್ಟಿನ ಬಳಿ ನಿಂತಿದ್ದರು. ಅವರ ಮಗಳೂ ಅದೇ ಶಾಲೆಗೆ ಹೋಗುವುದು.

"ಐರಿನಕ್ಕ, ಗ್ರೂಪಿನಲ್ಲಿ ಫೋಟೋ ನೋಡಿದೆ ಮಾರಾಯ್ರೆ, ಎಲ್ಲದರಲ್ಲಿ ನಿಮ್ಮ ಚಾರ್ಟೇ ನೀಟು," ಎನ್ನುತ್ತಾ ಅವರು ಲಿಫ್ಟಿನ ಗುಂಡಿ ಒತ್ತಿದರು. "ನಮ್ಮ ಶಿಫಾಳಿಗೆ ಮುಂದಿನ ತಿಂಗಳು ಸೌರಮಂಡಲ ಉಂಟಂತೆ. ಅದಕ್ಕೂ ಸ್ವಲ್ಪ ನೀವೇ ಕೈ ಹಾಕಿಬಿಡಿ, ಆಯ್ತಾ?"