ಸುಮಿತ್ರಕ್ಕ ದಿನಾ ನೋಡಿದ ತಟ್ಟೆ

ಬೆಳಿಗ್ಗೆ ಪುಣೆಯ ಪ್ರಯೋಗಾಲಯಕ್ಕೆ ಬಂದ ಸುಮಿತ್ರಕ್ಕನ ಮೊದಲ ಮಾತು ನಮ್ಮ ಜೊತೆ ಇರುತ್ತಿರಲಿಲ್ಲ. ಕೈಗವಸು ಹಾಕಿಕೊಂಡು, ಸೂಕ್ಷ್ಮದರ್ಶಕದ ಕೆಳಗೆ ತಟ್ಟೆಯಿಟ್ಟು, ಕನ್ನಡಕವನ್ನು ತಲೆಯ ಮೇಲಕ್ಕೆ ಸರಿಸಿ, "ಎಂತ ಮಾರಾಯ್ರೇ, ಎದ್ರಾ?" ಎಂದು ಕೇಳುತ್ತಿದ್ದರು. ಕೇಳುತ್ತಿದ್ದದ್ದು ಇಲಿಯ ಮಿದುಳಿನಿಂದ ತೆಗೆದು ಬೆಳೆಸಿದ ಆಕರಕೋಶಗಳನ್ನು, ಅಂದರೆ ಸ್ಟೆಮ್ ಸೆಲ್‌ಗಳನ್ನು. ಅಲ್ಲಿನ ಹುಡುಗರು ಅದನ್ನೊಂದು ಮಂತ್ರವೆಂದು ತಿಳಿದಿದ್ದರಂತೆ. ಶೃಂಗೇರಿಯ ನಾನು ಅಲ್ಲಿ ಪಿಎಚ್‌.ಡಿ.ಗೆ ಸೇರಿದ ಮೇಲೆಯೇ ಅವರಿಗೆ ಅರ್ಥ ಗೊತ್ತಾಗಿದ್ದು.

ಸುಮಿತ್ರಕ್ಕ ಮುತ್ತಿನಕೊಪ್ಪದವರು. ಕೊಪ್ಪದ ಹತ್ತಿರದ ಬಾಳಗಡಿಯ ಕಾಲೇಜಿಗೆ ಬಸ್ಸಿನಲ್ಲಿ ಓಡಾಡಿ ಓದಿದವರು. ನಮ್ಮ ಕೆಲಸ ವಿವರಿಸಲೂ ಅವರಿಗೆ ಬಸ್ಸೇ ಬೇಕು. "ಕೋಶ ಸುಮ್ನೆ ಕೂತಿದೆ, ಶೈಲಾ. ಡ್ರೈವರ್ ಸೀಟಲ್ಲಿದಾನೆ, ಇಂಜಿನ್ ಆನ್ ಇದೆ. ಕಂಡಕ್ಟರ್ 'ರೈಟ್' ಅನ್ಬೇಕು, ಅಷ್ಟೇ. ಆ ರೈಟ್ ಅನ್ನೋ ಪ್ರೋಟೀನ್ ಯಾವುದು ಅಂತ ಹುಡುಕೋದು ನಾವು." ಹಾಗಾದರೆ ಎದ್ರಾ ಅಂತ ಕೇಳುವುದೇಕೆ ಎಂದರೆ, "ಡ್ರೈವರಿಗೂ ತೂಕಡಿಕೆ ಬರಲ್ವಾ?" ಎನ್ನುತ್ತಿದ್ದರು.

ಅಂಥದೊಂದು ಪ್ರೋಟೀನನ್ನು ಅವರು ಕಂಡುಹಿಡಿದೂ ಇದ್ದರು. ಅದನ್ನು ಹಾಕಿದ ತಟ್ಟೆಯಲ್ಲಿ ಕೋಶಗಳು ಸೇರಿ ದೊಡ್ಡ ದೊಡ್ಡ ಉಂಡೆಗಳಾಗಿ ತೇಲುತ್ತಿದ್ದವು. ಹಾಕದ ತಟ್ಟೆಯಲ್ಲಿ ಉಂಡೆಗಳು ಸಣ್ಣವು. ಉಂಡೆ ದೊಡ್ಡದಾದರೆ ಕೋಶಗಳು ಎದ್ದು ಬೆಳೆಯುತ್ತಿವೆ ಎಂದು ಲೆಕ್ಕ. ಆ ಪ್ರಬಂಧದಿಂದಲೇ ಅವರಿಗೆ ಹೆಸರು ಬಂದದ್ದು. ನನ್ನ ಪಿಎಚ್‌.ಡಿ. ನಿಂತಿದ್ದೂ ಅದರ ಮೇಲೆಯೇ.

ಒಮ್ಮೆ ಬಾಳಗಡಿಯ ಕಾಲೇಜಿನವರು ಭಾಷಣಕ್ಕೆ ಕರೆದಿದ್ದರು. ನಾನೂ ಜೊತೆಗಿದ್ದೆ. ಇದರಿಂದ ತನ್ನ ಅಜ್ಜನ ಲಕ್ವ ವಾಸಿಯಾಗುತ್ತದೆಯೇ ಎಂದು ಒಬ್ಬ ಹುಡುಗಿ ಎದ್ದು ಕೇಳಿದಳು. ಪ್ರಿನ್ಸಿಪಾಲರು ಆಸೆಯಿಂದ ಇವರ ಮುಖ ನೋಡಿದರು. "ಇಲ್ಲ ಪುಟ್ಟಾ. ಈಗ ಆಗಲ್ಲ. ಆಗ್ತದೆ ಅಂತ ಯಾರಾದ್ರೂ ಹೇಳಿದ್ರೆ ಅವ್ರ ಹತ್ರ ಹೋಗ್ಬೇಡಿ ಅಂತ ಮನೇಲಿ ಹೇಳು" ಎಂದರು ಸುಮಿತ್ರಕ್ಕ. ಚಪ್ಪಾಳೆ ಅಷ್ಟಕ್ಕಷ್ಟೇ ಬಿತ್ತು.

ಮುಂದಿನ ವರ್ಷ ತಂಗಿಯ ಮಗಳ ಮದುವೆಗೆಂದು ಅವರು ಕೊಪ್ಪಕ್ಕೆ ಹೊರಟರು. "ನಾ ಬರೋವರೆಗೆ ತಟ್ಟೆ ಮುಟ್ಬೇಡ" ಎಂದರು. ನಾನು ಮುಟ್ಟಲಿಲ್ಲ. ಅವರು ಬಂದು ನೋಡಿದರೆ ಎರಡೂ ತಟ್ಟೆಗಳಲ್ಲಿ ಉಂಡೆಗಳು ಒಂದೇ ಗಾತ್ರದವು. ಪ್ರೋಟೀನ್ ಹಾಕಲು ಮರೆತೆಯಾ ಎಂದು ನನ್ನನ್ನೇ ಬೈದರು. ಮತ್ತೆ ಮಾಡಿದೆವು, ಅವರು ದಿನಾ ನೋಡಿದರು, ಉಂಡೆಗಳು ದೊಡ್ಡವಾದವು. ಮುಟ್ಟದೆ ಬಿಟ್ಟೆವು, ಆಗಲಿಲ್ಲ. ಮಧ್ಯಾಹ್ನದ ಡಬ್ಬಿ ಬಿಚ್ಚದೆ ಕೂತಿದ್ದವರು ನನ್ನ ಕಡೆ ತಿರುಗಿದರು. "ಶೈಲಾ, ಪ್ರೋಟೀನ್ ಹಾಕದ ತಟ್ಟೇನ ನಾನು ದಿನಾ ನೋಡ್ತಿದ್ನಾ?"

ಇಲ್ಲ. ಅದರಲ್ಲಿ ಏನೂ ಆಗದೆಂಬ ಖಾತ್ರಿ ಅವರಿಗಿತ್ತು. ಆಸೆಯಿದ್ದ ತಟ್ಟೆಯನ್ನಷ್ಟೇ ದಿನಾ ಎತ್ತಿ ತಂದು ನೋಡುತ್ತಿದ್ದರು. ಎತ್ತಿ ತರುವಾಗ ದ್ರವ ಅಲುಗಾಡಿ, ಉಂಡೆಗಳು ಒಂದಕ್ಕೊಂದು ಅಂಟಿಕೊಂಡು ದೊಡ್ಡವಾಗುತ್ತಿದ್ದವು. ಕೋಶಗಳು ಬೆಳೆದಿರಲೇ ಇಲ್ಲ.

"ಪ್ರೀತಿ ಜಾಸ್ತಿ ಆಯ್ತು ಮಾರಾಯ್ತಿ" ಎಂದರು. ನನಗೆ ಅಳು ಬಂತು. ಅವರಿಗೆ ಬರಲಿಲ್ಲ.

ಸುಮ್ಮನಿದ್ದುಬಿಡಿ, ಯಾರಿಗೂ ತಿಳಿಯುವುದಿಲ್ಲ ಎಂದು ಜೊತೆಯ ವಿಜ್ಞಾನಿಗಳು ಹೇಳಿದರು. "ನಮ್ಮದನ್ನ ನಂಬಿ ಇನ್ಯಾರೋ ಕೆಲಸ ಶುರು ಮಾಡಿರ್ತಾರೆ. ಅವರ ವರ್ಷಗಳು ಹೋಗ್ತಾವಲ್ಲ" ಎಂದು ಸುಮಿತ್ರಕ್ಕ ಪತ್ರಿಕೆಗೆ ತಾವೇ ಬರೆದು ಪ್ರಬಂಧವನ್ನು ಹಿಂತೆಗೆದುಕೊಂಡರು. ಆಮೇಲೆ ಅವರ ಬಳಿಗೆ ಹೊಸ ವಿದ್ಯಾರ್ಥಿಗಳು ಬರಲಿಲ್ಲ. ಸಮ್ಮೇಳನಗಳಿಂದ ಕರೆ ಬರುವುದೂ ನಿಂತಿತು. ನಾವಿಬ್ಬರೇ ತಟ್ಟೆಗಳನ್ನು ಅಲುಗಿಸದೆ ಎಲ್ಲವನ್ನೂ ಮೊದಲಿನಿಂದ ಮಾಡಿದೆವು. ಆ ಪ್ರೋಟೀನು ಕೋಶಗಳನ್ನು ಎಬ್ಬಿಸುವುದಿಲ್ಲ, ಸಾಯದಂತೆ ಸ್ವಲ್ಪ ಕಾಯುತ್ತದೆ ಎಂದು ತಿಳಿಯಿತು. ಸಣ್ಣ ವಿಷಯ. ನನ್ನ ಪದವಿಗೆ ಅದು ಸಾಕಾಯಿತು.

ನಿವೃತ್ತಿಯ ನಂತರ ಅವರು ಬಾಳಗಡಿಯಲ್ಲಿ ಮನೆ ಮಾಡಿದರು. ಕೊನೆಯ ಸಲ ಹೋದಾಗ ತುಂಬಾ ಸೊರಗಿದ್ದರು. ಕಾಫಿ ಕುಡಿದಾದ ಮೇಲೆ, "ಆ ಹಳೇ ಪ್ರಬಂಧಾನ ಈಗ್ಲೂ ಯಾರಾದ್ರೂ ಉಲ್ಲೇಖ ಮಾಡ್ತಾರೇನೇ?" ಎಂದು ಕೇಳಿದರು. ಇಲ್ಲ ಎನ್ನಬಹುದಿತ್ತು. ಅವರಿಗೆ ಸುಳ್ಳು ಹೇಳುವುದು ನನ್ನಿಂದಾಗಲಿಲ್ಲ. ಮಾಡುತ್ತಾರೆ, ಹಿಂತೆಗೆದುಕೊಂಡದ್ದು ಗೊತ್ತಿಲ್ಲದವರು ಎಂದೆ. "ಅಂಥವ್ರು ಕಂಡಾಗ ಅವ್ರಿಗೊಂದು ಮೇಲ್ ಹಾಕು. ನಂಗೆ ಈಗ ಕಣ್ಣು ಆಗಲ್ಲ" ಎಂದರು.

ಅವರು ತೀರಿಕೊಂಡ ಮೇಲೂ ಹಾಕುತ್ತಿದ್ದೇನೆ. ಹೆಚ್ಚಿನವರು ಉತ್ತರಿಸುವುದಿಲ್ಲ. ಕಳೆದ ವಾರ ದೂರದೂರಿನ ವಿದ್ಯಾರ್ಥಿಯೊಬ್ಬ ಬರೆದಿದ್ದ. ಅದೇ ಪ್ರೋಟೀನಿನ ಮೇಲೆ ಕೆಲಸ ಆರಂಭಿಸುವವನಿದ್ದನಂತೆ, ಈಗ ನಿಲ್ಲಿಸಿದ್ದಾನಂತೆ. ಡಾ. ಸುಮಿತ್ರಾ ಅವರಿಗೆ ತನ್ನ ಧನ್ಯವಾದ ತಿಳಿಸುವಿರಾ ಎಂದು ಕೇಳಿದ್ದ.

ಅವರು ಇಲ್ಲವೆಂದು ಬರೆಯಲು ಕೂತೆ. ಕೈ ಬರಲಿಲ್ಲ. ತಿಳಿಸುತ್ತೇನೆ ಎಂದು ಬರೆದೆ.