ಹುಳು ಹಣ್ಣಾದ ದಿನದ ಗೈರುಹಾಜರಿ

ಮೂವತ್ಮೂರನೆಯ ವಯಸ್ಸಿನಲ್ಲಿ ರಾಧಾಮಣಿ ಯೂನಿಫಾರಂ ತೊಟ್ಟು ಚಿಕ್ಕಬಳ್ಳಾಪುರದ ನರ್ಸಿಂಗ್ ಶಾಲೆಗೆ ಬಸ್ಸು ಹತ್ತಿದಾಗ, ಶಿಡ್ಲಘಟ್ಟದ ಪಕ್ಕದ ಆ ಹಳ್ಳಿಯಲ್ಲಿ ನಗದವರೇ ಕಡಿಮೆ. ನಕ್ಕವರಿಗೆ ಅವಳು ಕ್ಯಾರೇ ಅನ್ನಲಿಲ್ಲ. ಗಂಡ ರವಿಚಂದ್ರ ಓದು ಎಂದಿದ್ದ, ಅತ್ತೆ ಸುಬ್ಬಲಕ್ಷ್ಮಮ್ಮ ಬೇಡ ಎಂದಿರಲಿಲ್ಲ. ಅವಳಿಗೆ ಅಷ್ಟು ಸಾಕಿತ್ತು.

ತೊಡಕಿದ್ದದ್ದು ಮನೆಯ ರೇಷ್ಮೆಹುಳುಗಳದು. ಹುಳು ಹಣ್ಣಾಗಿ ಸೊಪ್ಪು ತಿನ್ನುವುದು ನಿಲ್ಲಿಸಿದ ದಿನ ಒಂದೊಂದನ್ನೇ ಆರಿಸಿ, ಗೂಡು ಕಟ್ಟಲು ಚಂದ್ರಿಕೆಯೆಂಬ ಬಿದಿರಿನ ತಟ್ಟಿಗೆ ಬಿಡಬೇಕು. ತಡವಾದರೆ ಸೊಪ್ಪಿನ ಮೇಲೆಯೇ ನೂಲು ಬಿಟ್ಟು ಬೆಳೆ ಹಾಳು. ಅಂದು ಎಷ್ಟು ಕೈಗಳಿದ್ದರೂ ಸಾಲವು. ತನ್ನ ಕೈ ಆಸ್ಪತ್ರೆ ವಾರ್ಡಿನಲ್ಲಿರುವಾಗ ಈ ಕೆಲಸ ಹೇಗೆ ಸಾಗುತ್ತಿದೆ ಎಂದು ರಾಧಾಮಣಿ ಒಮ್ಮೆಯೂ ಕೇಳಿರಲಿಲ್ಲ. ಕೇಳದಿದ್ದರೇ ಅನುಕೂಲ ಎಂದು ಅವಳಿಗೆ ಗೊತ್ತಿತ್ತು.

ಹೇಳಿದವರು ಊರ ಶಾಲೆಯ ಮೇಷ್ಟ್ರು ನರಸಿಂಹಪ್ಪ, ಅದೂ ಬಸ್ ಸ್ಟಾಪಿನಲ್ಲಿ, ನಾಲ್ಕು ಜನರ ಮುಂದೆ. "ಏನಮ್ಮಾ, ಮೌನಿಕಾ ಆಗಾಗ ಶಾಲೆಗೇ ಬರಲ್ಲ. ಕೇಳಿದ್ರೆ ಅಮ್ಮಂಗೆ ಹುಷಾರಿಲ್ಲ ಅಂತಾಳೆ. ನೀನು ನೋಡಿದ್ರೆ ಗುಂಡುಕಲ್ಲಿನಂಗಿದ್ದೀಯ!"

ಸಂಜೆ ಐದನೇ ಕ್ಲಾಸಿನ ಮಗಳನ್ನು ಎದುರಿಗೆ ಕೂರಿಸಿಕೊಂಡು ಕೇಳಿದಳು.

"ಹುಳ ಆರ್ಸೋಕೆ ನಿಂತ್ಕೋತೀನಮ್ಮ. ನಿಂಗೆ ಹೇಳಿದ್ರೆ ಓದೋದು ಬಿಟ್ಬಿಡ್ತೀಯ ಅಂತ ಹೇಳ್ಲಿಲ್ಲ," ಎಂದಳು ಮೌನಿಕಾ. "ನಾಳೆನೂ ಹಣ್ಣಾಗ್ತವಂತೆ, ಅಜ್ಜಿ ಹೇಳ್ತು. ನಿಂಗೆ ಪ್ರಾಕ್ಟಿಕಲ್ ಪರೀಕ್ಷೆ ಅಲ್ವಾ? ನೀನು ಹೋಗು, ನಾನು ನೋಡ್ಕೋತೀನಿ."

ಆ ಮಾತು ಕೇಳಿ ರಾಧಾಮಣಿಗೆ ಮೊದಲು ಆದದ್ದು ನಿರಾಳ. ಸಂಕಟ ಆಮೇಲೆ ಬಂತು. ಹೆತ್ತ ಮಗಳ ಓದನ್ನು ತಿಂದು ತಾನು ಓದುತ್ತಿದ್ದೇನೆ ಎಂದು ತಿಳಿದ ಮೇಲೂ ಎದೆ ಹಗುರಾಯಿತಲ್ಲ, ಎಂಥ ತಾಯಿ ನಾನು ಎಂದು ತನ್ನ ಮೇಲೇ ಹೇಸಿಗೆಯಾಯಿತು.

ಬೆಳಗ್ಗೆ ಮೌನಿಕಾಳ ಕೈ ಹಿಡಿದು ಶಾಲೆಗೆ ಬಿಟ್ಟಳು. ಬಸ್ ಸ್ಟಾಪಿನ ಕಡೆ ತಿರುಗದೆ ಮನೆಗೆ ಬಂದು, ಸೆರಗು ಸಿಕ್ಕಿಸಿ ಹುಳು ಆರಿಸಲು ಕೂತಳು.

"ಪರೀಕ್ಷೆ ಇತ್ತಲ್ಲೇ?" ಅತ್ತೆ ಕೇಳಿದರು.

"ಆರು ತಿಂಗಳಿಗೆ ಇನ್ನೊಂದು ಬರುತ್ತೆ ಬಿಡಿ ಅತ್ತೆ."

ಎಷ್ಟೋ ದಿನಗಳ ಮೇಲೆ ಮನಸ್ಸು ಹಗುರವಾಗಿತ್ತು. ಸುಳ್ಳೇಕೆ, ತುಸು ಹೆಮ್ಮೆಯೂ ಇತ್ತು. ಮಗಳು ಬಂದು ಕುತ್ತಿಗೆಗೆ ಜೋತು ಬೀಳುತ್ತಾಳೆ ಎಂದುಕೊಂಡೇ ಸಂಜೆಯವರೆಗೆ ಕೆಲಸ ಮಾಡಿದಳು.

ಮೌನಿಕಾ ಬಂದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು.

"ಹೋಗ್ಲಿಲ್ವಾಮ್ಮ?"

"ಇಲ್ಲ ಕಣೇ. ನೀನು ಶಾಲೆಗೆ ಹೋಗ್ಬೇಕಲ್ಲ."

ಮಗು ಅಮ್ಮನ ಮುಂದಿದ್ದ ಹುಳುಗಳನ್ನು ನೋಡಿತು. "ನೆನ್ನೆ ನಾನು ಬಾಯಿ ಬಿಡಬಾರ್ದಾಗಿತ್ತು. ನನ್ನಿಂದ್ಲೇ ನೀನು ಫೇಲಾದೆ."

"ಅಯ್ಯೋ, ಹಂಗಲ್ಲಮ್ಮ..." ರಾಧಾಮಣಿ ಮಗಳ ಕಡೆ ಕೈ ಚಾಚಿದಳು. ತನ್ನ ತಪ್ಪಿನ ಭಾರವನ್ನು ಹತ್ತು ವರ್ಷದ ಕೂಸಿನ ತಲೆಗೆ ಕಟ್ಟಿಬಿಟ್ಟಿದ್ದಳು. ಮೌನಿಕಾ ಚೀಲವನ್ನು ಗೋಡೆಗೊರಗಿಸಿ, ಯೂನಿಫಾರಂ ಕೂಡ ಬಿಚ್ಚದೆ ಪಕ್ಕದಲ್ಲಿ ಕೂತು, ಉಳಿದ ಹುಳುಗಳನ್ನು ಬೇಗ ಬೇಗ ಆರಿಸತೊಡಗಿದಳು.